ತಮಟೆಯೂ ನಮ್ಮದೇ, ಪ್ರೇಮದ ಹಾಡೂ ನಮ್ಮದೇ

ಬರಹ ವಸಿ ಉದ್ದ ಇದೆ. ಬಿಡುವಾದಾಗ ಓದಿ.

ನಮ್ಮ ಚಳವಳಿಯ ಒಳಗೆ ಯಾರೂ ಬರೆದಿಡದ ಒಂದು ಕಾನೂನು ಇದೆ. ದಲಿತ ಕಲಾವಿದ ವೇದಿಕೆ ಹತ್ತಿದ ಅಂದ್ರೆ ಕೈಯಲ್ಲಿ ತಮಟೆ ಇರಬೇಕು, ಕೊರಳಲ್ಲಿ ಕಿಚ್ಚು ಇರಬೇಕು. ಹೋರಾಟದ ಹಾಡು ಹೇಳಿದರೆ ಚಪ್ಪಾಳೆ. ಪ್ರೇಮದ ಹಾಡು ಹೇಳಿದರೆ, "ಇದೇನ್ಲಾ, ಜಯಂತಿಗೆ ಬಂದು ಸಿನಿಮಾ ಹಾಡು ಹೇಳ್ತೀಯ" ಅನ್ನೋ ಗದರಿಕೆ. ಇದು ನಮ್ಮವರ ಕತೆ. ಅತ್ತ ಕಡೆ ದೊಡ್ಡ ದೊಡ್ಡ ಕಾರ್ಯಕ್ರಮ ಮಾಡುವವರು ನಮ್ಮ ಹುಡುಗರನ್ನು ಕರೆಯೋದೇ ಮೆರವಣಿಗೆಯಲ್ಲಿ ತಮಟೆ ಬಡಿಯೋಕೆ. ಗಣ್ಯರು ವೇದಿಕೆ ಮುಟ್ಟಿದ ಮೇಲೆ ತಮಟೆಯವರು ಹೊರಗೆ ಬಿಸಿಲಲ್ಲಿ. ಒಳಗೆ ಫ್ಯಾನಿನ ಕೆಳಗೆ ಸುಗಮ ಸಂಗೀತ ಶುರುವಾಗ್ತದೆ. ಅಂದ್ರೆ ಸದ್ದು, ಸಿಟ್ಟು ನಮ್ಮ ಪಾಲಿಗೆ. ಇಂಪು, ಒಲವು, ಬೆಳದಿಂಗಳು ಇನ್ನೊಬ್ಬರ ಪಾಲಿಗೆ.

ಈ ಪಾಲು ಮಾಡಿದವರು ಯಾರು? ಅದನ್ನ ನಾವ್ಯಾಕೆ ಒಪ್ಪಿಕೊಂಡು ಕೂತಿದ್ದೀವಿ? ನಾನು ಕೇಳ್ತಾ ಇರೋದು ಇಷ್ಟೇ. ಉತ್ತರಕ್ಕೆ ಮುಂಚೆ ಒಂದು ಹಳೇ ಗ್ರಾಮಫೋನ್ ರೆಕಾರ್ಡಿನ ಕತೆ ಹೇಳ್ತೀನಿ. ಸಮುದ್ರದಾಚೆಯ ಕತೆ. ಆದರೆ ಸುತ್ತಿ ಬಳಸಿ ನಮ್ಮ ಉಡಿಗಾಲದ ಕಡೆಗೇ ಬರ್ತದೆ.

1949ರ ನವೆಂಬರ್ 30, ನ್ಯೂಯಾರ್ಕ್. ಚಾರ್ಲಿ ಪಾರ್ಕರ್ ಅನ್ನೋ ಕಪ್ಪು ಕಲಾವಿದರು ಸ್ಯಾಕ್ಸೋಫೋನ್ ಹಿಡಿದು ರೆಕಾರ್ಡಿಂಗಿಗೆ ನಿಂತರು. ಆಗ ಅವರಿಗೆ 29 ವರ್ಷ. ಜಾಝ್ ಅನ್ನೋದು ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ. ಗುಲಾಮರಾಗಿ ಹೊಲಗಳಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ್ದು. ಅದರಲ್ಲಿ ಬೀಬಾಪ್ ಅನ್ನೋ ಮಿಂಚಿನ ವೇಗದ ದಾರಿಯನ್ನು ತೆರೆದವರಲ್ಲಿ ಪಾರ್ಕರ್ ಮೊದಲ ಸಾಲಿನವರು. ಜನ ಪ್ರೀತಿಯಿಂದ 'ಬರ್ಡ್', ಹಕ್ಕಿ, ಅಂತ ಕರೀತಿದ್ದರು.

ಆವತ್ತು ಅವರು ಆ ವೇಗದ ಸಂಗೀತ ನುಡಿಸಲಿಲ್ಲ. ಸುತ್ತ ಪಿಟೀಲು, ವಯೋಲಾ, ಚೆಲೋ, ಹಾರ್ಪ್, ಓಬೋ ಹಿಡಿದವರು ಕೂತಿದ್ದರು. ಆರ್ಕೆಸ್ಟ್ರಾ ಅಂದ್ರೆ ನಮ್ಮ ಕಡೆ ಜಾತ್ರೆಯಲ್ಲಿ ಸಿನಿಮಾ ಹಾಡು ಹೇಳುವ ತಂಡ. ಇದು ಅದಲ್ಲ. ಇದು ಯುರೋಪಿನ ಶಾಸ್ತ್ರೀಯ ಸಂಗೀತದ, ಬಿಳಿಯರ ಸಭಾಂಗಣದ ವಾದ್ಯಗಳ ಮೇಳ. ಅದರ ನಡುವೆ ನಿಂತು ಪಾರ್ಕರ್ ನುಡಿಸಿದ್ದು ನಿಧಾನದ ಹಾಡುಗಳನ್ನು. ಹೆಚ್ಚಿನವು ನಾಟಕ, ಸಿನಿಮಾಗಳ ಹಳೇ ಪ್ರೇಮಗೀತೆಗಳು. ಮೊದಲ ದಿನ ಆರು ಹಾಡು, ಮಾರನೇ ವರ್ಷದ ಜುಲೈನಲ್ಲಿ ಮತ್ತಷ್ಟು. 'ಚಾರ್ಲಿ ಪಾರ್ಕರ್ ವಿತ್ ಸ್ಟ್ರಿಂಗ್ಸ್' ಅನ್ನೋ ಹೆಸರಲ್ಲಿ ಹೊರಬಂತು. ಫೋನಿನಲ್ಲಿ ಹುಡುಕಿದರೆ ಸಿಗ್ತದೆ. 'ಜಸ್ಟ್ ಫ್ರೆಂಡ್ಸ್' ಅನ್ನೋದನ್ನ ಮೊದಲು ಕೇಳಿ. ಪಿಟೀಲುಗಳು ಮೆತ್ತಗೆ ಹಾಸಿಗೆ ಹಾಸಿದಂಗೆ ಇರ್ತವೆ. ಅದರ ಮೇಲೆ ಸ್ಯಾಕ್ಸೋಫೋನ್ ಎಲ್ಲೆಲ್ಲೋ ಹಾರಿ, ಸುತ್ತಿ, ಮತ್ತೆ ಹಾಡಿನ ಮಟ್ಟಿಗೇ ಬಂದು ಕೂರ್ತದೆ. ಹಾಸಿಗೆ ಅವರದು, ಹಾರಾಟ ಇವರದು.

ರೆಕಾರ್ಡು ಚೆನ್ನಾಗಿ ಮಾರಾಟ ಆಯ್ತು. ಆದರೆ ಜಾಝ್ ಬಲ್ಲವರಲ್ಲಿ ಕೆಲವರು ಮೂಗು ಮುರಿದರು. ಹಕ್ಕಿ ಮಾರಿಕೊಂಡಿತು, ಸಕ್ಕರೆ ಪಾಕಕ್ಕೆ ಬಿತ್ತು, ಬೆಂಕಿ ಆರಿಹೋಯ್ತು ಅಂದರು. ಆದರೆ ಪಿಟೀಲುಗಳ ಜೊತೆ ನುಡಿಸಬೇಕು ಅನ್ನೋದು ಪಾರ್ಕರ್ ಅವರದೇ ಬಹುಕಾಲದ ಆಸೆ. ಅವರ ಮೇಲೆ ಯಾರೂ ಹೇರಿದ್ದಲ್ಲ. ನಿನ್ನ ಜಾಗ ಹೊಗೆ ತುಂಬಿದ ಕ್ಲಬ್ಬು, ನಿನ್ನ ಕೆಲಸ ಬೆಂಕಿ ಕಾರೋದು, ಮೆತ್ತನೆಯ ಸಂಗೀತ ನಿನಗ್ಯಾಕೆ ಅನ್ನೋ ಮಾತಿಗೆ ಆ ಮನುಷ್ಯ ವಾದ ಮಾಡಲಿಲ್ಲ. ನುಡಿಸಿ ತೋರಿಸಿದರು. 1955ರ ಮಾರ್ಚ್ 12ರಂದು ತೀರಿಕೊಂಡಾಗ ಅವರಿಗೆ 34 ವರ್ಷ.

ಈಗ ಆ ಕಾಲದ ಅಮೆರಿಕ ಹೇಗಿತ್ತು ನೋಡಿ. ಆ ಪ್ರೇಮಗೀತೆಗಳು ರೆಕಾರ್ಡಾದಾಗ ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಪ್ಪು-ಬಿಳಿ ಮದುವೆ ಕಾನೂನುಬಾಹಿರ. ಆ ಕಾನೂನುಗಳನ್ನು ಅವರ ಸುಪ್ರೀಂ ಕೋರ್ಟು ಪೂರ್ತಿಯಾಗಿ ಕಿತ್ತುಹಾಕಿದ್ದು 1967ರಲ್ಲಿ. ಪಾರ್ಕರ್ ಸತ್ತ ವರ್ಷವೇ, 1955ರ ಆಗಸ್ಟಿನಲ್ಲಿ, ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನೋ 14 ವರ್ಷದ ಕಪ್ಪು ಹುಡುಗನನ್ನು ಕೊಂದು ನದಿಗೆ ಎಸೆದರು. ಆರೋಪ ಏನು ಗೊತ್ತಾ? ಅಂಗಡಿಯಲ್ಲಿದ್ದ ಬಿಳಿ ಹೆಂಗಸನ್ನು ನೋಡಿ ಶಿಳ್ಳೆ ಹೊಡೆದ ಅಂತ. ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಟ್ಟುಕಳಿಸಿತು. ಆಮೇಲೆ ಅವರೇ ಪತ್ರಿಕೆಯೊಂದರ ಮುಂದೆ ಕೊಲೆ ಒಪ್ಪಿಕೊಂಡರು.

ಒಂದು ಶಿಳ್ಳೆಗೆ ಪ್ರಾಣ ಹೋಗುವ ದೇಶದಲ್ಲಿ ಒಬ್ಬ ಕಪ್ಪು ಮನುಷ್ಯ ಉಸಿರು ಬಿಗಿಹಿಡಿದು ಊದಿ ಊದಿ ಒಲವಿನ ಹಾಡು ನುಡಿಸ್ತಾನೆ ಅಂದ್ರೆ ಅದನ್ನ ಬರೀ ಮಾರ್ಕೆಟ್ ಮಾಲು ಅಂತ ತಳ್ಳಿಹಾಕೋಕೆ ಆಗ್ತದಾ?

ನಮ್ಮ ದೇಶಕ್ಕೆ ಬರೋಣ. 1936ರಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ' ಬರೆದರು. ಲಾಹೋರಿನ ಮಂಡಳಿ ಆ ಭಾಷಣ ಮಾಡೋಕೆ ಬಿಡಲಿಲ್ಲ, ಅವರೇ ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದರು. ಸಹಪಂಕ್ತಿ ಭೋಜನದಿಂದ ಜಾತಿ ಹೋಗಲ್ಲ, ರಕ್ತಸಂಬಂಧ ಬೆಳೆಯಬೇಕು, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾವು ಆ ಪುಸ್ತಕವನ್ನ ಸಂವಿಧಾನದಷ್ಟೇ ಗೌರವದಿಂದ ಇಟ್ಟುಕೊಂಡಿದ್ದೀವಿ. ಅದರ ನೇರ ಅರ್ಥವನ್ನ ಮಾತ್ರ ಮರೀತೀವಿ. ಮದುವೆಗೂ ಮುಂಚೆ ಪ್ರೀತಿ ಇರ್ತದೆ ಕಣ್ರಪ್ಪ. ಪ್ರೀತಿಗೆ ಒಂದು ಭಾಷೆ ಬೇಕು, ಒಂದು ಹಾಡು ಬೇಕು. ಜಾತಿ ವಿನಾಶದ ಮದ್ದು ಪ್ರೀತಿಯ ಅಂಗಳದಲ್ಲೇ ಬೆಳೆಯೋದಾದ್ರೆ, ಪ್ರೇಮದ ಹಾಡನ್ನ ಚಳವಳಿಯ ಬಾಗಿಲ ಹೊರಗೆ ನಿಲ್ಲಿಸೋದು ಯಾವ ನ್ಯಾಯ?

ಈ ಪ್ರೀತಿಗೆ ಇಲ್ಲಿ ಎಷ್ಟು ಬೆಲೆ ತೆರಬೇಕು ಅನ್ನೋದು ನಿಮಗೆ ಹೇಳಬೇಕಾಗಿಲ್ಲ. ಚಾಮರಾಜನಗರದಿಂದ ಸತ್ಯಮಂಗಲದ ಘಾಟಿ ಇಳಿದು ಕೊಯಮತ್ತೂರು ದಾಟಿದರೆ ಉಡುಮಲಪೇಟೆ. 2016ರ ಮಾರ್ಚ್ 13ರಂದು ಅಲ್ಲಿ ಬಸ್ ನಿಲ್ದಾಣದ ಹತ್ತಿರ, ಹಾಡಹಗಲು, ಜನರ ಕಣ್ಣೆದುರೇ ಶಂಕರ್ ಅನ್ನೋ ದಲಿತ ಯುವಕನನ್ನ ಕೊಚ್ಚಿ ಕೊಂದರು. ಬೇರೆ ಜಾತಿಯ ಕೌಸಲ್ಯರನ್ನ ಮದುವೆಯಾದದ್ದೇ ತಪ್ಪು. ಕೌಸಲ್ಯ ತಲೆಗೆ ಪೆಟ್ಟು ತಿಂದು ಬದುಕಿ, ಜಾತಿ ವಿರುದ್ಧ ನಿಂತರು.

ಅಷ್ಟು ದೂರ ಯಾಕೆ, ನಮ್ಮ ತಾಲ್ಲೂಕಿನ ಹೆಗ್ಗೋಠಾರ ನೆನಪಿದೆಯಲ್ಲ? 2022ರ ನವೆಂಬರ್. ಮದುವೆಗೆ ಅಂತ ಬಂದಿದ್ದ ದಲಿತ ಹೆಣ್ಣುಮಗಳು ಬಾಯಾರಿಕೆ ಅಂತ ಬೀದಿಯ ತೊಂಬೆಯಲ್ಲಿ ನೀರು ಕುಡಿದಳು. ತೊಂಬೆ ಖಾಲಿ ಮಾಡಿ ಗೋಮೂತ್ರ ಹಾಕಿ ತೊಳೆದರು ಅಂತ ದೇಶಕ್ಕೆಲ್ಲ ಸುದ್ದಿಯಾಯ್ತು. ನೆಂಟರ ಮದುವೆಗೆ ಬಂದವಳಿಗೆ ಬೊಗಸೆ ನೀರು ಮೈಲಿಗೆ ಅನ್ನೋ ಊರುಗಳಲ್ಲಿ, ಬೇರೆ ಬೀದಿಯ ಹುಡುಗಿಯನ್ನ ನಮ್ಮ ಹುಡುಗ ಕಣ್ಣೆತ್ತಿ ನೋಡೋದು ಅಂದ್ರೆ ಏನು ಅಂತ ಲೆಕ್ಕ ಹಾಕಿ.

ಈಗ ಸ್ಯಾಕ್ಸೋಫೋನಿನ ಕತೆಯನ್ನ ಕನ್ನಡ ನಾಡಿಗೆ ತರ್ತೀನಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯ ಇದು. ಮಿಲಿಟರಿ ಬ್ಯಾಂಡುಗಳ ಜೊತೆ ಲೋಕ ಸುತ್ತಿತು. ನಮ್ಮ ಮೈಸೂರಿನ ಅರಮನೆ ಬ್ಯಾಂಡಿಗೂ ಬಂತು. ಬಂಟ್ವಾಳದ ಕಡೆಯ ಒಬ್ಬ ಹುಡುಗ, ನಾಗಸ್ವರ ವಿದ್ವಾನ್ ತನಿಯಪ್ಪನವರ ಮಗ, ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದ. ಅವರೇ ಕದ್ರಿ ಗೋಪಾಲನಾಥ್. ವರ್ಷಾನುಗಟ್ಟಲೆ ಅದರ ಜೊತೆ ಗುದ್ದಾಡಿ, ಗಮಕ ಹೊರಡೋ ಹಾಗೆ ಕೀಲಿಗಳನ್ನ ತಮಗೆ ಬೇಕಾದಂಗೆ ಬದಲಾಯಿಸಿಕೊಂಡು, ಕರ್ನಾಟಕ ಸಂಗೀತವನ್ನ ಅದರಲ್ಲಿ ನುಡಿಸಿದರು.

ಇದೇನು ಸಣ್ಣ ಮಾತಲ್ಲ. ಶಾಸ್ತ್ರೀಯ ಸಂಗೀತದ ಒಳಮನೆಯಲ್ಲಿ ಕೊಳಲು ಬಿಟ್ಟರೆ ಊದುವ ವಾದ್ಯಕ್ಕೆ ಬೆಲೆ ಕಡಿಮೆ. ತುಟಿ ತಾಗ್ತದೆ, ಎಂಜಲು ಅನ್ನೋ ಭಾವನೆ. ನಾಗಸ್ವರದವರು ದೇವಸ್ಥಾನದ ಸೇವೆಗೆ ಬೇಕು, ಸಭೆಯ ಸಮಾನ ಆಸನಕ್ಕೆ ಹಿಂದುಮುಂದು ನೋಡ್ತಾರೆ. ಚರ್ಮದ ವಿಷಯವೂ ಹಾಗೇ. ಮೃದಂಗಕ್ಕೆ ದನದ ಚರ್ಮ ಬೇಕೇ ಬೇಕು, ಅದನ್ನ ಹದ ಮಾಡಿ ಬಿಗಿಯೋ ಕೈಗಳು ಮಾತ್ರ ತೆರೆಮರೆಯಲ್ಲಿ. ಆ ಕೈಗಳ ಚರಿತ್ರೆಯನ್ನ ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಮಾಡಿದರೆ, ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನೇ ಚೆನ್ನೈನ ಕಲಾಕ್ಷೇತ್ರ ವಾಪಸ್ ತಗೊಂಡಿತು. ಇಂಪು ಬೇಕು, ಇಂಪು ಹುಟ್ಟಿಸಿದವರ ಜಾತಿ ಕಾಣಬಾರದು. ವಾದ್ಯಗಳಿಗೂ ಜಾತಿ ಇದೆ ಅಂತ ನಾನು ಹೇಳೋದು ಅದಕ್ಕೇ.

ಅಂಥಾ ಊದುವ ವಾದ್ಯದಿಂದ ದಕ್ಷಿಣ ಭಾರತ ಒಂದು ಪ್ರೇಮರಾಗ ಕೇಳಿತು. 1994ರಲ್ಲಿ ಬಾಲಚಂದರ್ ಅವರ 'ಡ್ಯುಯೆಟ್' ತಮಿಳು ಸಿನಿಮಾ, ಎ.ಆರ್. ರೆಹಮಾನ್ ಸಂಗೀತ. ನಾಯಕ ಸ್ಯಾಕ್ಸೋಫೋನ್ ವಾದಕ, ದಪ್ಪ ಮೈಯವನು. ತನ್ನನ್ನ ಯಾರು ಪ್ರೀತಿಸ್ತಾರೆ ಅಂತ ಒಳಗೇ ಕುಗ್ಗಿದವನು. ತಮ್ಮನ ಪಾತ್ರದಲ್ಲಿ ನಮ್ಮ ರಮೇಶ್ ಅರವಿಂದ್. ತೆರೆಯ ಮೇಲೆ ಪ್ರಭು ಊದಿದ್ದು, ನಿಜವಾಗಿ ಊದಿದ್ದು ಗೋಪಾಲನಾಥ್. ರಾಗದ ಮೇಲೆ ರಾಗ ನುಡಿಸಿ, ಕೊನೆಗೆ ಕಲ್ಯಾಣವಸಂತಕ್ಕೆ ಒಪ್ಪಿಗೆ ಸಿಕ್ಕಿತು ಅಂತ ಅವರೇ ಹೇಳಿಕೊಂಡಿದ್ದರು. ಬಾಯಿ ಬಿಟ್ಟು ಹೇಳಲಾಗದ ಪ್ರೀತಿಯನ್ನ ಆ ನಾಯಕ ವಾದ್ಯದಲ್ಲಿ ಹೇಳ್ತಾನೆ. ಬಾಯಿ ಬಿಟ್ಟು ಹೇಳಲಾಗದ ಪ್ರೀತಿ ಅಂದ್ರೇನು ಅಂತ ನಮ್ಮ ಕೇರಿಯ ಹುಡುಗ ಹುಡುಗಿಯರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನೊಂದು ಕೊಂಡಿ ಇದೆ. ರುದ್ರೇಶ್ ಮಹಂತಪ್ಪ ಅಂತ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕರು, ಕರ್ನಾಟಕದಿಂದ ವಲಸೆ ಹೋದ ತಂದೆತಾಯಿಯ ಮಗ. ಅಣ್ಣ ತಮಾಷೆಗೆ ಕೊಟ್ಟ ಗೋಪಾಲನಾಥರ ರೆಕಾರ್ಡೇ ಅವರಿಗೆ ಈ ಕಡೆಯ ದಾರಿ ತೋರಿಸಿತು. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಅನ್ನೋ ಆಲ್ಬಂ ಮಾಡಿದರು. ನೆಂಟರು ಅಂತ ಅರ್ಥ. 2015ರಲ್ಲಿ ಅದೇ ರುದ್ರೇಶ್ ಚಾರ್ಲಿ ಪಾರ್ಕರ್ ಸ್ಮರಣೆಗೆ 'ಬರ್ಡ್ ಕಾಲ್ಸ್' ತಂದರು. ಕ್ಯಾನ್ಸಸ್ ಸಿಟಿಯ ಕಪ್ಪು ಹಕ್ಕಿಗೂ ಬಂಟ್ವಾಳದ ನಾಗಸ್ವರದ ಮನೆಗೂ ಹೀಗೆ ನೆಂಟಸ್ತನ ಆಯ್ತು. ಹೋರಾಟದಲ್ಲಿ ಆ ನೆಂಟಸ್ತನ ಇನ್ನೂ ಹಳೇದು. 1946ರಲ್ಲೇ ಬಾಬಾಸಾಹೇಬರು ಕಪ್ಪು ಜನರ ನಾಯಕ ಡು ಬೋಯಿಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬೈನಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನ ಪಡೆದದ್ದೇ ಬ್ಲ್ಯಾಕ್ ಪ್ಯಾಂಥರ್ಸಿಂದ. ಅವರ ಸಿಟ್ಟನ್ನ ನಾವು ಬರಮಾಡಿಕೊಂಡೆವು. ಅವರ ಪ್ರೇಮಗೀತೆಯನ್ನ ಯಾಕೆ ಬಿಟ್ಟೆವು?

ಹೋಗಲಿ, ನಮ್ಮವರೇ ಏನು ಮಾಡಿದ್ದಾರೆ ನೋಡಿ. ದೇವನೂರ ಮಹಾದೇವ ಅವರ 'ಕುಸುಮಬಾಲೆ' 1984ರದು. ನಮ್ಮ ಈ ಸೀಮೆಯ ನುಡಿಯಲ್ಲೇ ಬರೆದದ್ದು. ಅದರ ನಡುವೆ ಇರೋದು ದಲಿತ ಹುಡುಗ ಚೆನ್ನ, ಮೇಲ್ಜಾತಿಯ ಕುಸುಮ, ಅವರ ಪ್ರೀತಿ, ಆ ಪ್ರೀತಿಗಾದ ಕೊಲೆ. ಘೋಷಣೆ ಹುಡುಕಿದರೂ ಸಿಗಲ್ಲ. ಕತೆ ಹೇಳೋರ ರಾಗದಲ್ಲಿ ನಡೀತದೆ. ಜಾತಿಯ ಕ್ರೌರ್ಯವನ್ನ ಅದಕ್ಕಿಂತ ಆಳವಾಗಿ ಕನ್ನಡದಲ್ಲಿ ಹೇಳಿದ್ದು ಯಾವುದಿದೆ? ಕವಿ ಸಿದ್ದಲಿಂಗಯ್ಯನವರನ್ನ 1975ರ 'ಹೊಲೆಮಾದಿಗರ ಹಾಡು' ಅಂತಷ್ಟೇ ನೆನೆಸಿಕೊಳ್ತೀವಿ. ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಸಿನಿಮಾಕ್ಕೆ ಗೆಳತಿಯನ್ನ ಕರೆಯೋ ಪ್ರೇಮಗೀತೆ ಬರೆದವರೂ ಅವರೇ. ಒಂದೇ ಲೇಖನಿ, ಎರಡೂ ಹಾಡು. ಅದರಲ್ಲಿ ಒಂದನ್ನ ಮಾತ್ರ ಸ್ಮರಣಾಂಜಲಿಯ ಫ್ಲೆಕ್ಸಿಗೆ ಹಾಕ್ತೀವಿ.

ಇನ್ನೂ ಹಿಂದಕ್ಕೆ ಹೋಗಿ, ಬಿಳಿಗಿರಿರಂಗನ ಬೆಟ್ಟಕ್ಕೆ. ರಂಗಪ್ಪ ಸೋಲಿಗರ ಹೆಣ್ಣುಮಗಳು ಕುಸುಮಾಲೆಯನ್ನ ಮೋಹಿಸಿ ಮದುವೆಯಾದ, ಆದ್ದರಿಂದ ಸೋಲಿಗರಿಗೆ ಅವನು ಭಾವ. ಕಾಡಿನ ಜನ ಈ ಕತೆಯನ್ನ ಹಾಡಿಕೊಂಡೇ ಬಂದವರು. ನಮ್ಮ ಜಿಲ್ಲೆಯಲ್ಲಿ ಅಂತರ್ಜಾತಿ ವಿವಾಹಕ್ಕೆ ದೇವರೇ ಸಾಕ್ಷಿ, ಸಾಕ್ಷಿ ಏನು, ಮದುವೆ ಗಂಡೇ! ಇವತ್ತಾಗಿದ್ರೆ ರಂಗಪ್ಪನ ಮೇಲೂ ಎರಡು ಕಡೆಯವರು ಸ್ಟೇಷನ್ನಿಗೆ ಹೋಗಿರೋರು.

ವಿರೋಧದ ಮಾತುಗಳು ನನಗೆ ಗೊತ್ತಿವೆ. ಹೊಟ್ಟೆಗಿಲ್ಲದ ಕಡೆ ಜಾಝ್ ಯಾಕಣ್ಣ ಅಂತೀರಿ. ಭೂಮಿ, ಕೂಲಿ, ಸ್ಮಶಾನ, ಹಾಸ್ಟೆಲ್ಲು, ಬ್ಯಾಕ್‌ಲಾಗ್ ಹುದ್ದೆ, ಇವೆಲ್ಲ ಇರುವಾಗ ಪ್ರೇಮಗೀತೆ ಐಷಾರಾಮಿ ಅಂತೀರಿ. ಅವುಗಳ ಹೋರಾಟ ಒಂದು ದಿನಾನೂ ನಿಲ್ಲಬಾರದು, ಸರಿ. ಆದರೆ ಆ ಹೋರಾಟ ಎಲ್ಲಾ ಯಾತಕ್ಕೆ? ಹಸಿವು ನೀಗಿದ ಮೇಲೆ ಮನುಷ್ಯ ಏನು ಮಾಡ್ತಾನೆ? ಪ್ರೀತಿ ಮಾಡ್ತಾನೆ, ಹಾಡ್ತಾನೆ, ಮಕ್ಕಳನ್ನ ಎತ್ತಿ ಆಡಿಸ್ತಾನೆ. ಬಾಬಾಸಾಹೇಬರು ಅಷ್ಟೆಲ್ಲ ಹೊರೆ ಹೊತ್ತಿದ್ದವರು ವಯಸ್ಸಾದ ಮೇಲೆ ಪಿಟೀಲು ಕಲಿಯೋಕೆ ಕೂತರು. ಅದು ಐಷಾರಾಮ ಅಂತ ಅವರಿಗೆ ಹೇಳ್ತೀರಾ?

ಮಾರುಕಟ್ಟೆ ನಮ್ಮ ಹಾಡನ್ನ ನುಂಗ್ತದೆ ಅಂತೀರಿ. ನುಂಗ್ತದೆ, ನಿಜ. ತಮಟೆಯನ್ನ ನುಂಗಿಲ್ಲವಾ? ಸಿನಿಮಾದ ಹೀರೋ ಎಂಟ್ರಿಗೆ, ಪಕ್ಷದ ರ‍್ಯಾಲಿಗೆ, ಕಂಪನಿ ಜಾಹೀರಾತಿಗೆ ನಮ್ಮ ತಮಟೆಯೇ ಬೇಕು. ನುಂಗ್ತಾರೆ ಅಂತ ತಮಟೆ ಬಿಟ್ಟಿಲ್ಲ. ಇದನ್ನೂ ಬಿಡಬೇಕಾಗಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಕಹಿ ಆದ್ರೂ. ನಮ್ಮ ಕೇರಿಗಳಲ್ಲೂ ಪ್ರೀತಿಗೆ ಬೇಲಿ ಇದೆ. ಮೇಲ್ಜಾತಿಯವರು ನಮ್ಮ ಹುಡುಗನನ್ನ ಹೊಡೆದರೆ ಬೀದಿಗಿಳಿಯೋ ನಾವು, ಬಲಗೈ ಮನೆಯ ಹುಡುಗಿ ಎಡಗೈ ಮನೆಯ ಹುಡುಗನನ್ನ ಒಪ್ಪಿದರೆ ಯಜಮಾನರ ಪಂಚಾಯ್ತಿ ಸೇರಿಸ್ತೀವಿ. ಹುಡುಗರು ರೀಲ್ಸ್ ಮಾಡಿದರೆ ನಗ್ತೀವಿ, ಹುಡುಗಿ ಒಂದು ಪ್ರೇಮದ ಹಾಡಿಗೆ ತುಟಿ ಆಡಿಸಿದರೆ ಫೋನ್ ಕಿತ್ಕೋತೀವಿ. ಅವಳ ಕೈಗೆ ಮೈಕು ಕೊಡದೆ ಪ್ರೇಮದ ಹಾಡು ನಮ್ಮದು ಅಂದ್ರೆ ಅದು ಗಂಡಸರ ಹಾಡಷ್ಟೇ ಆಗ್ತದೆ.

ಹಾಗಂತ ಪ್ರೇಮದ ಹಾಡನ್ನೂ ಆಯುಧ ಅಂತ ಕರೆಯೋ ಚಟ ನಮಗೆ ಬೇಡ. ಎಲ್ಲವನ್ನೂ ಆಯುಧ ಮಾಡಿಟ್ಟರೆ ಮನೆ ಆಯುಧ ಶಾಲೆ ಆಗ್ತದೆ, ಬದುಕೋಕೆ ಜಾಗ ಇರಲ್ಲ. ತಮಟೆ ಕೂಡ ಬರೀ ಸಿಟ್ಟಿನ ವಾದ್ಯ ಅಲ್ಲ ಕಣ್ರೀ. ಮದುವೆಗೂ ಅದೇ, ಸಾವಿಗೂ ಅದೇ. ಅದಕ್ಕೆ ಸಿಟ್ಟನ್ನ ಮಾತ್ರ ಅಂಟಿಸಿದ್ದು ವೇದಿಕೆಯವರು. ಪಾರ್ಕರ್ ಬೆಂಕಿಯನ್ನೂ ನುಡಿಸಿದರು, ಬೆಳದಿಂಗಳನ್ನೂ ನುಡಿಸಿದರು. ಯಾವಾಗ ಯಾವುದು ಅಂತ ತೀರ್ಮಾನ ಮಾಡಿದ್ದು ಅವರೇ. ನಮಗೆ ಬೇಕಾದ್ದು ಆ ತೀರ್ಮಾನದ ಹಕ್ಕು.

ಹಾಗಾಗಿ ನನ್ನ ಸಲಹೆ ಇಷ್ಟು. ಮುಂದಿನ ಏಪ್ರಿಲ್ 14ಕ್ಕೆ ನಮ್ಮ ಹೋಬಳಿಯಲ್ಲಿ, ಗುಂಡ್ಲುಪೇಟೆಯಲ್ಲಿ, ನಗರದಲ್ಲಿ, ಎಲ್ಲೆಲ್ಲಿ ಜಯಂತಿ ಮಾಡ್ತೀವೋ ಅಲ್ಲೆಲ್ಲ ಸಂಜೆ ಒಂದು ಗಂಟೆ ಹೊತ್ತು ಪ್ರೇಮದ ಹಾಡುಗಳಿಗೆ ಇರಲಿ. ಡಿಜೆ ಬೇಡ. ಊರೂರ ಮದುವೆಗಳಲ್ಲಿ ನಿಂತುಕೊಂಡೇ ಊದಿ ಕೊನೇ ಪಂಕ್ತಿಯಲ್ಲಿ ಉಣ್ಣೋ ನಮ್ಮ ಬ್ಯಾಂಡ್‌ಸೆಟ್ಟಿನವರನ್ನ ಕರೆಯೋಣ. ಕ್ಲಾರಿಯೋನೆಟ್ಟು, ಟ್ರಂಪೆಟ್ಟು, ಇದ್ದರೆ ಸ್ಯಾಕ್ಸೋಫೋನು, ಜೊತೆಗೆ ತಮಟೆ, ನೀಲಗಾರರ ತಂಬೂರಿ. ಅದೇ ನಮ್ಮ ಆರ್ಕೆಸ್ಟ್ರಾ. ಅವರಿಗೆ ವೇದಿಕೆ ಮೇಲೆ ಕುರ್ಚಿ ಇರಲಿ. ಕರಪತ್ರದಲ್ಲಿ ಎಲ್ಲರ ಹೆಸರೂ ಬರಲಿ, 'ಮತ್ತು ತಂಡದವರು' ಅಂತ ಮುಗಿಸೋದು ಬೇಡ. ಸಂಭಾವನೆ ಆವತ್ತೇ ಕೈಗೆ ಸಿಗಲಿ. ಮೊದಲ ಹಾಡು ಹೇಳೋದು ಹೆಣ್ಣುಮಕ್ಕಳಾಗಲಿ.

ಜಾತಿ ಮೀರಿ ಮದುವೆಯಾದ ಜೋಡಿಗಳನ್ನ ವೇದಿಕೆಗೆ ಎಳೆದು ಫೋಟೋ ಹಾಕೋದು ಮಾತ್ರ ಬೇಡ, ಅವರ ಜೀವ ಮುಖ್ಯ. ಜನದ ನಡುವೆ ಎಲ್ಲೋ ಕೂತಿರಲಿ. ತಮಗಾಗಿ ಒಂದು ಹಾಡು ನುಡೀತಾ ಇದೆ, ತಮ್ಮ ಬೆನ್ನಿಗೆ ಇಷ್ಟು ಜನ ಇದ್ದಾರೆ ಅಂತ ಅವರಿಗೆ ಗೊತ್ತಾದರೆ ಸಾಕು. ನಾಳೆ ಮಧ್ಯರಾತ್ರಿ ಬಾಗಿಲು ತಟ್ಟಿ 'ಅಣ್ಣ, ಉಳಿಸಿ' ಅಂತ ಬರಬೇಕಾದಾಗ ಯಾವ ಮನೆಗೆ ಬರಬೇಕು ಅಂತಲೂ ಗೊತ್ತಿರ್ತದೆ.

ಒಪ್ಪದವರು ಬಂದು ವಾದ ಮಾಡಿ. ಒಪ್ಪುವವರು ನಿಮ್ಮೂರ ಬ್ಯಾಂಡ್‌ಸೆಟ್ಟಿನವರನ್ನ ಈಗಲೇ ಮಾತಾಡಿಸಿ. ಲಗ್ನದ ಕಾಲ, ಏಪ್ರಿಲ್ಲಿನಲ್ಲಿ ಅವರು ಸಿಗೋದು ಕಷ್ಟ.

ಜೈ ಭೀಮ್.